ಲಾರಿಯ ಪರೀಕ್ಷೆ: ಹೊರಡುವ ಮುನ್ನ, ತಲುಪಿದ ಮೇಲೆ

ಮುಂಬಯಿಯಲ್ಲಿ ವಾಸಿಸುವ ನಮ್ಮ ಮನೆಗಳಲ್ಲಿ ಬೇಯುವ ಎಲೆಕೋಸು ಬೆಳಗಾವಿಯ ಕಡೆಯ ಹೊಲದ್ದಾಗಿರಬಹುದು. ಸಾರಿಗೆ ಬಣ್ಣ ಕೊಡುವ ಮೆಣಸಿನಕಾಯಿ ಬ್ಯಾಡಗಿಯದಾಗಿರಬಹುದು. ಅವು ವಾಶಿಯ ಸಗಟು ಮಾರುಕಟ್ಟೆಗೆ ಬಂದು ಇಳಿಯುವುದು ಲಾರಿಗಳಲ್ಲಿ. ಬೆಳಗಾವಿಯಿಂದ ಇಲ್ಲಿಗೆ ಸುಮಾರು 500 ಕಿಲೋಮೀಟರುಗಳ ದಾರಿ. ಹಿಂದೆ 4ನೆಯ ಸಂಖ್ಯೆಯದೆಂದು ಹೆಸರಾಗಿದ್ದು ಈಗ 48ನೆಯ ಸಂಖ್ಯೆಯನ್ನು ಪಡೆದಿರುವ ಹೆದ್ದಾರಿಯಲ್ಲಿ ಖಂಬಾಟಕಿ, ಕಾತ್ರಜಗಳನ್ನು ದಾಟಿ, ಕಟ್ಟಕಡೆಗೆ ಖಂಡಾಲೆಯ ಬಳಿ ಬೋರ್ ಘಾಟವನ್ನು ಇಳಿದು ಅವು ನಮ್ಮ ನಗರವನ್ನು ಸೇರುತ್ತವೆ. ರಾತ್ರಿಯೆಲ್ಲ ನಾವು ನಿದ್ರಿಸುತ್ತಿರುವಾಗ ಈ ಪಯಣ ನಡೆಯುತ್ತಿರುತ್ತದೆ. ಇಷ್ಟು ಭಾರವನ್ನು ಹೊತ್ತು ಇಷ್ಟು ದೂರ ಸಾಗುವ ವಾಹನವು ಹೊರಡುವುದಕ್ಕೆ ತಕ್ಕುದಾಗಿದೆಯೆಂದು ಯಾರು, ಹೇಗೆ ನಿಶ್ಚಯಿಸುತ್ತಾರೆ? ಈ ವಿಷಯವನ್ನು ನಮ್ಮ ಓದುಗರಾದ ವಿದ್ಯಾರ್ಥಿಗಳ ಮುಂದೆ ಇಡಬೇಕೆಂಬುದೇ ಈ ಲೇಖನದ ಉದ್ದೇಶ.

ಹೊರಡುವ ಮುನ್ನ ವಾಹನವನ್ನು ಪರೀಕ್ಷಿಸುವ ಪದ್ಧತಿ ಮೋಟಾರಿನೊಡನೆ ಹುಟ್ಟಿದ್ದಲ್ಲ. ಜಾತ್ರೆಗೆ ಬಂಡಿ ಕಟ್ಟುವ ರೈತನು ಮೊದಲು ಅಚ್ಚಿಗೆ ಕೀಲೆಣ್ಣೆ ಹಾಕುತ್ತಾನೆ. ಕಡೆಗೀಲು ಭದ್ರವಾಗಿದೆಯೇ ಎಂದು ಕೈಯಿಂದ ಮುಟ್ಟಿ ನೋಡುತ್ತಾನೆ. ಗಾಲಿಯ ಕಬ್ಬಿಣದ ಹಳಿ ಸಡಿಲವಾಗಿದ್ದರೆ ಅಂದು ಬಂಡಿ ಕಟ್ಟುವುದಿಲ್ಲ. ಬಂಡಿಯ ವೇಗವೋ ಎತ್ತಿನ ವೇಗ. ಕೆಟ್ಟರೆ ಅದು ದಾರಿಯ ಪಕ್ಕದಲ್ಲಿ ನಿಲ್ಲುತ್ತದೆ, ಅಷ್ಟೆ. ಹದಿನಾರು ಟನ್ನು ತೂಗುವ ಲಾರಿ ಇಳಿಜಾರಿನಲ್ಲಿ ಕೆಟ್ಟರೆ ಅದು ನಿಲ್ಲುವುದಿಲ್ಲ ಎಂಬುದೇ ತೊಂದರೆ.

ಈಗ ಹೊರಡುವ ಮುನ್ನ ನಡೆಯಬೇಕಾದ ಪರೀಕ್ಷೆಯನ್ನು ನೋಡೋಣ. ಬಲ್ಲ ಚಾಲಕನು ಲಾರಿಯತ್ತ ನಡೆದು ಬರುವಾಗಲೇ ಅವನ ಕಣ್ಣು ಕೆಲಸ ಮಾಡತೊಡಗಿರುತ್ತದೆ. ಲಾರಿ ಒಂದು ಮಗ್ಗುಲಿಗೆ ವಾಲಿ ನಿಂತಿದ್ದರೆ ಕಮಾನುಪಟ್ಟಿ ಮುರಿದಿರಬಹುದು, ಟಯರಿನ ಗಾಳಿ ಇಳಿದಿರಬಹುದು, ಇಲ್ಲವೆ ಹೊರೆ ಜರುಗಿರಬಹುದು. ಕೆಳಗೆ ನೆಲದ ಮೇಲೆ ಎಣ್ಣೆಯ ಕಲೆಯಿದೆಯೇ, ನೀರಿನದೇ, ಡೀಸಲಿನದೇ ಎಂದು ಅವನು ನೋಡುತ್ತಾನೆ. ಬಳಿಕ ಗಾಲಿಗೆ ಅಡ್ಡಲಾಗಿ ಮರದ ತುಂಡನ್ನಿಟ್ಟು, ಪ್ರತಿದಿನವೂ ಒಂದೇ ಕ್ರಮದಲ್ಲಿ, ಒಂದೇ ದಿಕ್ಕಿನಲ್ಲಿ ಲಾರಿಯನ್ನು ಪ್ರದಕ್ಷಿಣೆ ಮಾಡುತ್ತಾನೆ. ಕ್ರಮವು ಒಂದೇ ಆಗಿರಬೇಕೆಂಬುದಕ್ಕೆ ಕಾರಣವುಂಟು. ಯಾರಾದರೂ ನಡುವೆ ಕೂಗಿ ಮಾತನಾಡಿಸಿದರೆ ಎಲ್ಲಿ ಬಿಟ್ಟೆವೆಂಬುದು ನೆನಪಿರಬೇಕಲ್ಲವೆ?

ಗಾಲಿಗಳನ್ನು ಕಣ್ಣಿನಿಂದಲೂ ನೋಡಬೇಕು, ಕಿವಿಯಿಂದಲೂ ಕೇಳಬೇಕು. ಲಾರಿಯ ಹಿಂಭಾಗದಲ್ಲಿ ಒಂದೊಂದು ಪಕ್ಕಕ್ಕೂ ಎರಡೆರಡು ಗಾಲಿಗಳು ಜೋಡಿಯಾಗಿರುವುದರಿಂದ ಒಳಗಿನದು ಕಣ್ಣಿಗೆ ಸರಿಯಾಗಿ ಕಾಣದು. ಅದರ ಗಾಳಿ ಇಳಿದಿದ್ದರೂ ಹೊರಗಿನದು ಇಬ್ಬರ ಭಾರವನ್ನೂ ತಾನೊಂದೇ ಹೊತ್ತು, ಏನೂ ಆಗಿಲ್ಲವೆಂಬಂತೆ ನಿಂತಿರುತ್ತದೆ. ಹತ್ತಾರು ಮೈಲಿ ಓಡಿದ ಮೇಲೆ ಕಾದು ಸಿಡಿಯುತ್ತದೆ. ಇದನ್ನು ಕಂಡುಹಿಡಿಯಲೆಂದೇ ಕ್ಲೀನರ್ ಹುಡುಗನು ಕಬ್ಬಿಣದ ಸಲಾಕೆಯಿಂದ ಪ್ರತಿಯೊಂದು ಟಯರನ್ನೂ ಬಡಿಯುತ್ತ ಹೋಗುವುದು. ತುಂಬಿದ ಟಯರು ಸಲಾಕೆಯನ್ನು ಚಿಮ್ಮಿಸಿ ಗಟ್ಟಿಯಾದ ನಾದ ಕೊಡುತ್ತದೆ. ಇಳಿದ ಟಯರಿನಿಂದ ಧಪ್ಪೆಂಬ ಮಂಕು ಸದ್ದು ಬರುತ್ತದೆ. ಆದರೆ ಬಡಿತವು ಒಂದು ಸೂಚನೆ ಮಾತ್ರ. ಗಾಳಿ ಎಷ್ಟಿದೆಯೆಂದು ಹೇಳಬಲ್ಲದ್ದು ಅಳೆಯುವ ಗೇಜೊಂದೇ. ಟಯರಿನ ಮೈಮೇಲಿನ ಗೆರೆಗಳ ಆಳವು ಲಾರಿ ಮೊದಲಾದ ವಾಹನಗಳಲ್ಲಿ 1.6 ಮಿಲಿಮೀಟರಿಗಿಂತ ಕಡಿಮೆಯಾಗಿರಕೂಡದೆಂದು ನಮ್ಮ ದೇಶದ ನಿಯಮವಿದೆ. ಸವೆದ ಟಯರು ಬೇಸಗೆಯಲ್ಲಿ ಹೇಗೋ ನಿಭಾಯಿಸಿದರೂ ಮಳೆಗಾಲದ ಘಾಟದಲ್ಲಿ ನೀರನ್ನು ಹೊರದೂಡಲಾರದೆ ಜಾರುತ್ತದೆ. ಗಾಲಿಯ ನಟ್ಟುಗಳ ಸುತ್ತ ತುಕ್ಕಿನ ಗೆರೆಗಳು ಕಿರಣಗಳಂತೆ ಹರಡಿದ್ದರೆ ಆ ನಟ್ಟು ಸಡಿಲವಾಗಿ ಅಲುಗುತ್ತಿದೆಯೆಂದು ತಿಳಿಯಬೇಕು.

ದೀಪಗಳು, ಹಾರ್ನು, ಕನ್ನಡಿಗಳು, ಮಳೆನೀರೊರಸುವ ವೈಪರು, ಸ್ಟೆಪ್ನಿ, ಜಾಕಿ, ಎಂಜಿನ್ನಿನ ಎಣ್ಣೆ, ರೇಡಿಯೇಟರಿನ ನೀರು ಇವೆಲ್ಲ ಹೇಳದೆಯೂ ತಿಳಿಯುವಂಥವು. ಹೊರೆಯ ವಿಷಯದಲ್ಲಿ ಮಾತ್ರ ಒಂದು ಮಾತು ಹೇಳಬೇಕು. ಹಗ್ಗವನ್ನು ಎಷ್ಟೇ ಬಿಗಿದರೂ, ತಾಡಪತ್ರಿಯನ್ನು ಎಷ್ಟೇ ಚೆನ್ನಾಗಿ ಹೊದಿಸಿದರೂ, ಓಟದ ಕುಲುಕಾಟಕ್ಕೆ ಚೀಲಗಳು ಒಂದರೊಳಗೊಂದು ಕುಗ್ಗಿ ಕುಳಿತು ಹಗ್ಗವು ತಾನಾಗಿಯೇ ಸಡಿಲುತ್ತದೆ. ಆದಕಾರಣ ಅಮೇರಿಕಾ ಸಂಯುಕ್ತ ಸಂಸ್ಥಾನಗಳ ನಿಯಮದಂತೆ, ಹೊರಟ ಮೊದಲ 50 ಮೈಲಿಗಳೊಳಗೆ ಚಾಲಕನು ಲಾರಿಯನ್ನು ನಿಲ್ಲಿಸಿ ಹೊರೆಯನ್ನು ಮತ್ತೊಮ್ಮೆ ನೋಡಬೇಕು. ನಮ್ಮಲ್ಲಿ ಚಹದ ಅಂಗಡಿಯ ಮುಂದೆ ಲಾರಿ ನಿಲ್ಲಿಸಿದಾಗ ಹಗ್ಗವನ್ನು ಜಗ್ಗಿ ನೋಡುವ ಚಾಲಕರು ಆ ನಿಯಮವನ್ನು ಓದದೆಯೇ ಪಾಲಿಸುತ್ತಿರುತ್ತಾರೆ.

ಇನ್ನು ಬ್ರೇಕು. ಇದರ ಬಗ್ಗೆ ನಾವು ತುಸು ವಿಸ್ತಾರವಾಗಿಯೇ ಬರೆಯಬೇಕು; ಏಕೆಂದರೆ ಪತ್ರಿಕೆಗಳಲ್ಲಿ ‘ಬ್ರೇಕು ವಿಫಲವಾಗಿ ಅಪಘಾತ’ ಎಂದು ಆಗಾಗ ಓದುವ ನಮಗೆ, ಬ್ರೇಕು ವಿಫಲವಾಗುವುದೆಂದರೇನು ಎಂಬುದು ಸಾಮಾನ್ಯವಾಗಿ ತಿಳಿದಿರುವುದಿಲ್ಲ.

ದೊಡ್ಡ ಲಾರಿಗಳ ಬ್ರೇಕು ಗಾಳಿಯಿಂದ ನಡೆಯುತ್ತದೆ. ಗಾಳಿಯ ಬ್ರೇಕನ್ನು ಮೊದಲು ಬಳಕೆಗೆ ತಂದದ್ದು ರೈಲಿನಲ್ಲಿ. 1869ರಲ್ಲಿ ಅಮೇರಿಕದ ಜಾರ್ಜ್ ವೆಸ್ಟಿಂಗ್‌ಹೌಸ್ ಅದಕ್ಕೆ ಪೇಟೆಂಟು ಪಡೆದನು. ಲಾರಿಯ ಎಂಜಿನ್ನು ಒಂದು ಪಂಪನ್ನು ತಿರುಗಿಸಿ ಗಾಳಿಯನ್ನು ಉಕ್ಕಿನ ತೊಟ್ಟಿಗಳಲ್ಲಿ ಒತ್ತಿ ತುಂಬುತ್ತದೆ. ಚಾಲಕನು ಪೆಡಲನ್ನು ತುಳಿದಾಗ ಆ ಗಾಳಿ ಕೊಳವೆಗಳ ಮೂಲಕ ಪ್ರತಿಯೊಂದು ಗಾಲಿಯ ಬಳಿಗೂ ಧಾವಿಸಿ, ಅಲ್ಲಿ ಒಂದು ಸರಳನ್ನು ಮುಂದಕ್ಕೆ ತಳ್ಳುತ್ತದೆ. ಆ ಸರಳು ಗಾಲಿಯ ಡ್ರಮ್ಮಿನೊಳಗಿನ ಎರಡು ಕಮಾನುಗಳನ್ನು ಅಗಲಿಸಿ, ಅವುಗಳ ಮೇಲಿನ ಲೈನರು ಡ್ರಮ್ಮಿನ ಗೋಡೆಯನ್ನು ಉಜ್ಜುವಂತೆ ಮಾಡುತ್ತದೆ. ಆ ಘರ್ಷಣೆಯೇ ಗಾಲಿಯನ್ನು ತಡೆಯುವುದು. ಗಾಳಿ ಸೋರಿಹೋದರೆ ಗತಿಯೇನು ಎಂದು ಜಾಣ ಓದುಗರು ಕೇಳಬಹುದು. ಅದಕ್ಕೂ ಉಪಾಯವಿದೆ. ಹಿಂದಿನ ಗಾಲಿಗಳ ಬಳಿ ಬಲವಾದ ಸ್ಪ್ರಿಂಗುಗಳಿದ್ದು, ಗಾಳಿಯ ಒತ್ತಡವೇ ಅವುಗಳನ್ನು ಅದುಮಿ ಹಿಡಿದಿರುತ್ತದೆ. ಒತ್ತಡ ತೀರ ಇಳಿದರೆ ಸ್ಪ್ರಿಂಗುಗಳು ತಾವಾಗಿಯೇ ಬಿಚ್ಚಿಕೊಂಡು ಬ್ರೇಕನ್ನು ಹಾಕಿಬಿಡುತ್ತವೆ.

ಹಾಗಿದ್ದ ಮೇಲೆ ಬ್ರೇಕು ವಿಫಲವಾಗುವುದು ಹೇಗೆ? ಉತ್ತರವು ಶಾಖದಲ್ಲಿದೆ. ಖಂಡಾಲೆಯಿಂದ ಖೋಪೋಲಿಗೆ ಇಳಿಯುವ ಲಾರಿ ಸುಮಾರು 500 ಮೀಟರು ಕೆಳಗೆ ಬರುತ್ತದೆ. ಹದಿನಾರು ಟನ್ನು, ಎಂದರೆ 16,000 ಕಿಲೋಗ್ರಾಮನ್ನು 9.8ರಿಂದ ಗುಣಿಸಿ, ಬಂದದ್ದನ್ನು 500ರಿಂದ ಗುಣಿಸಿ ನೋಡಿರಿ. 7 ಕೋಟಿ 84 ಲಕ್ಷ ಜೂಲುಗಳಷ್ಟು ಶಕ್ತಿ! ಬಚ್ಚಲ ಹಂಡೆಯ ಲೆಕ್ಕದಲ್ಲಿ ಹೇಳುವುದಾದರೆ, ಸುಮಾರು 250 ಲೀಟರು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರುವಷ್ಟು ಶಾಖ. ಚಾಲಕನು ಕೆಳಗಿನ ಗೇರಿನಲ್ಲಿ ಇಳಿದರೆ ಇದರ ಬಹುಪಾಲನ್ನು ಎಂಜಿನ್ನೇ ತಡೆದುಕೊಳ್ಳುತ್ತದೆ. ಗೇರನ್ನು ನ್ಯೂಟ್ರಲಿಗೆ ತಂದು ಡೀಸಲನ್ನು ಉಳಿಸಲು ಹೊರಟರೆ ಈ ಶಾಖವೆಲ್ಲ ಗಾಲಿಗಳ ಡ್ರಮ್ಮುಗಳಿಗೇ ಸೇರುತ್ತದೆ. ಕಾದ ಡ್ರಮ್ಮು ಹಿಗ್ಗಿ ಲೈನರಿನಿಂದ ದೂರ ಸರಿಯುತ್ತದೆ. ಕಾದ ಲೈನರು ಹಿಡಿತವನ್ನು ಕಳೆದುಕೊಳ್ಳುತ್ತದೆ. ಸ್ಪ್ರಿಂಗಿನ ಬ್ರೇಕೂ ಒತ್ತುವುದು ಅದೇ ಲೈನರನ್ನು, ಅದೇ ಡ್ರಮ್ಮಿನ ಮೇಲೆ. ಆದುದರಿಂದ ಆಗ ಅದರಿಂದಲೂ ಪೂರ್ಣ ರಕ್ಷಣೆ ದೊರೆಯದು. ತೊಟ್ಟಿಯ ತುಂಬ ಗಾಳಿ ಇದ್ದರೂ ಲಾರಿ ನಿಲ್ಲುವುದಿಲ್ಲ.

ಹೊರಡುವ ಮುನ್ನಿನ ಪರೀಕ್ಷೆಯ ಮಹತ್ವ ಇಲ್ಲಿಯೇ ಇದೆ. ಮೇಲೆ ಹೇಳಿದ ಸರಳು ಚಲಿಸಬಲ್ಲ ದೂರಕ್ಕೆ ಒಂದು ಮಿತಿಯುಂಟು. ಲೈನರು ಸವೆದು ಹೊಂದಾಣಿಕೆ ತಪ್ಪಿದ್ದರೆ, ಬೆಳಗಿನ ತಂಪಿನಲ್ಲಿಯೇ ಆ ಸರಳು ತನ್ನ ಮಿತಿಯ ಬಹುಪಾಲನ್ನು ಚಲಿಸಿಬಿಡುತ್ತದೆ. ಸಮತಟ್ಟಾದ ರಸ್ತೆಯಲ್ಲಿ ಅದರಿಂದ ಏನೂ ಗೊತ್ತಾಗದು. ಪೆಡಲು ತುಳಿದರೆ ಲಾರಿ ನಿಲ್ಲುತ್ತದೆ. ಘಾಟದಲ್ಲಿ ಡ್ರಮ್ಮು ಕಾದು ಹಿಗ್ಗಿದಾಗ ಮಾತ್ರ ಉಳಿದ ಆ ಅಲ್ಪ ದೂರವು ಸಾಲದಾಗುತ್ತದೆ. ಸಮತಟ್ಟಿನಲ್ಲಿ ಕಾಣದ ದೋಷ ಇಳಿಜಾರಿನಲ್ಲಿ ಹತ್ತುಪಟ್ಟು ಬೆಳೆದು ನಿಲ್ಲುತ್ತದೆ. ಅಲ್ಲದೆ ಗಾಳಿ ಸೋರುತ್ತಿದೆಯೇ ಎಂಬುದನ್ನು ಅರಿಯಲು ಎಂಜಿನ್ನನ್ನು ಆರಿಸಿ, ಪೆಡಲನ್ನು ತುಳಿದು ಹಿಡಿದು, ಒತ್ತಡದ ಮುಳ್ಳನ್ನು ಒಂದು ನಿಮಿಷ ನೋಡುತ್ತ ಕುಳಿತಿರಬೇಕು. ಅಮೇರಿಕದಲ್ಲಿ ಚಾಲಕರಾಗ ಬಯಸುವವರಿಗೆ ಕಲಿಸುವ ಪಾಠದ ಪ್ರಕಾರ, ಒಂಟಿ ಲಾರಿಯಲ್ಲಿ ಆ ಒಂದು ನಿಮಿಷದಲ್ಲಿ ಮುಳ್ಳು ಚದರ ಅಂಗುಲಕ್ಕೆ 3 ಪೌಂಡಿಗಿಂತ ಹೆಚ್ಚು ಇಳಿಯಕೂಡದು. ಒಂದು ನಿಮಿಷವೆಂದರೆ ಅಲ್ಪ ಕಾಲವೆಂದು ತೋರಬಹುದು. ಹೊರಡುವ ಅವಸರದಲ್ಲಿರುವವನಿಗೆ ಅದು ದೀರ್ಘವಾದ ಕಾಲವೇ ಸರಿ.

2022ನೆಯ ಇಸವಿ ನವೆಂಬರ 20ರ ರಾತ್ರಿ, ಪುಣೆಯ ಬಳಿ ಇದೇ ಹೆದ್ದಾರಿಯಲ್ಲಿ, ಕಾತ್ರಜದ ಸುರಂಗದಿಂದ ನವಲೆ ಸೇತುವೆಯ ಕಡೆಗಿನ ಇಳಿಜಾರಿನಲ್ಲಿ ಬಂದ ಒಂದು ಭಾರವಾದ ವಾಹನವು ಮುಂದಿನ ವಾಹನಗಳಿಗೆ ಅಪ್ಪಳಿಸಿ, ಒಟ್ಟು 48 ವಾಹನಗಳು ಜಖಂಗೊಂಡವು. ಬ್ರೇಕು ಕೆಟ್ಟಿತೆಂದೇ ಮೊದಲು ಸುದ್ದಿ ಹಬ್ಬಿತು. ಚಾಲಕನು ಇಳಿಜಾರಿನಲ್ಲಿ ಎಂಜಿನ್ನನ್ನು ಆರಿಸಿದ್ದನೆಂದು ಪೋಲೀಸರು ಆಮೇಲೆ ತಿಳಿಸಿದರು. ಎಂಜಿನ್ನು ಆರಿದರೆ ಅದರ ತಡೆಯೂ ಇಲ್ಲ, ಗಾಳಿ ತುಂಬುವ ಪಂಪೂ ಇಲ್ಲ. ಪೆಡಲನ್ನು ತುಳಿದಷ್ಟು ಸಲವೂ ತೊಟ್ಟಿಯ ಗಾಳಿ ಕರಗುತ್ತ ಹೋಗುತ್ತದೆ. ಮುಂಜಾನೆ ಎಷ್ಟೇ ಚೆನ್ನಾಗಿ ಪರೀಕ್ಷಿಸಿದ ಲಾರಿಯಾದರೂ ಇಂಥ ಉಳಿತಾಯವನ್ನು ತಾಳಿಕೊಳ್ಳಲಾರದು. ಯಾವ ಗೇರಿನಲ್ಲಿ ಘಾಟವನ್ನು ಹತ್ತುವೆಯೋ ಅದೇ ಗೇರಿನಲ್ಲಿ ಇಳಿ ಎಂದು ಹಳೆಯ ಚಾಲಕರು ಹೇಳುತ್ತಿದ್ದುದು ಸುಮ್ಮನಲ್ಲ.

ಇಲ್ಲಿಯವರೆಗೆ ಹೇಳಿದ್ದು ಹೊರಡುವ ಮುನ್ನಿನ ಪರೀಕ್ಷೆ. ಇದರ ಜೊತೆಯದು, ನಮ್ಮ ಅಭಿಪ್ರಾಯದಲ್ಲಿ ಇದಕ್ಕಿಂತ ಮಿಗಿಲಾದದ್ದು, ಊರು ಸೇರಿದ ಮೇಲೆ ಮಾಡಬೇಕಾದ ಪರೀಕ್ಷೆ. ಆದರೆ ಜನ ಬಿಟ್ಟುಬಿಡುವುದು ಇದನ್ನೇ. ರಾತ್ರಿಯೆಲ್ಲ ನಿದ್ದೆಗೆಟ್ಟವನಿಗೆ ಮೊದಲು ಸ್ನಾನ, ಊಟ, ನಿದ್ರೆ. ಲಾರಿಯನ್ನು ನಾಳೆ ನೋಡಿದರಾಯಿತು ಎನಿಸುವುದು ಸಹಜ. ವಾಶಿಯಲ್ಲಿ ಮಾಲು ಇಳಿಸುತ್ತಿದ್ದ ಹುಕ್ಕೇರಿ ಕಡೆಯ ಹಿರಿಯ ಚಾಲಕರೊಬ್ಬರನ್ನು ನಾವು ಈ ಬಗ್ಗೆ ವಿಚಾರಿಸಿದೆವು. ಅವರೆಂದರು: “ಓಡಿ ಬಂದ ಗಾಡಿ ತಾನಽ ಮಾತಾಡ್ತೈತ್ರಿ ಮಾಸ್ತರ. ಮುಂಜಾನೆ ಅದು ಮೂಕ. ಆಗ ಎಷ್ಟು ಕೇಳಿದ್ರೂ ಹೇಳೂದಿಲ್ಲ.”

ಈ ಮಾತಿನಲ್ಲಿ ಬಹಳ ಅರ್ಥವಿದೆ. ಓಟ ಮುಗಿಸಿ ನಿಂತ ಲಾರಿಯ ಗಾಲಿಗಳ ನಡುಭಾಗದ ಹತ್ತಿರ ಹಿಂಗೈಯನ್ನು ಹಿಡಿಯುತ್ತ ಹೋದರೆ (ಮುಟ್ಟಬಾರದು, ಕೈ ಸುಟ್ಟೀತು) ಎಲ್ಲವೂ ಸರಿಸುಮಾರು ಒಂದೇ ಬಿಸಿಯಾಗಿರಬೇಕು. ಒಂದು ಮಾತ್ರ ಮಿಕ್ಕವುಗಳಿಗಿಂತ ಹೆಚ್ಚು ಕಾದಿದ್ದರೆ ಅದರ ಬೇರಿಂಗು ಸವೆದಿರಬೇಕು, ಇಲ್ಲವೆ ಬ್ರೇಕು ಬಿಡದೆ ಅಂಟಿಕೊಂಡಿರಬೇಕು. ಒಂದು ಮಾತ್ರ ತಣ್ಣಗಿದ್ದರೆ ಅದೂ ಒಳ್ಳೆಯ ಸುದ್ದಿಯಲ್ಲ. ಆ ಗಾಲಿಯ ಬ್ರೇಕು ಕೆಲಸವನ್ನೇ ಮಾಡಿಲ್ಲ, ಅದರ ಪಾಲನ್ನೂ ಉಳಿದವು ಹೊತ್ತಿವೆ. ಮರುದಿನ ಬೆಳಿಗ್ಗೆ ಎಲ್ಲವೂ ತಣ್ಣಗಾಗಿ ಸಮನಾಗಿರುವಾಗ ಈ ಭೇದವನ್ನು ಯಾವ ಪರೀಕ್ಷಕನೂ ತಿಳಿಯಲಾರನು. ಸುಟ್ಟ ಲೈನರಿನ ವಾಸನೆ ರಾತ್ರಿಯೊಳಗೆ ಆರಿಹೋಗುತ್ತದೆ. ದಾರಿಯಲ್ಲಿ ಸ್ಟಿಯರಿಂಗು ಎಡಕ್ಕೆ ಎಳೆಯುತ್ತಿತ್ತೆಂಬುದು, ಮೂರನೆಯ ಗೇರು ಜಿಗಿಯುತ್ತಿತ್ತೆಂಬುದು, ಹಿಂದಿನಿಂದ ಏನೋ ಕಟಕಟ ಸದ್ದು ಕೇಳಿಸಿತೆಂಬುದು ಓಡಿಸಿದವನಿಗೆ ಮಾತ್ರ ಗೊತ್ತು. ಎರಡು ಟಯರುಗಳ ಸಂದಿಯಲ್ಲಿ ಸಿಕ್ಕಿದ ಕಲ್ಲನ್ನು ತೆಗೆಯುವುದೂ ಆಗಲೇ ಆಗಬೇಕು. ಇಲ್ಲವಾದರೆ ಮುಂದಿನ ಓಟದಲ್ಲಿ ಅದು ಟಯರನ್ನು ಕೊರೆಯುತ್ತದೆ, ಅಥವಾ ಕವಣೆಗಲ್ಲಿನಂತೆ ಹಿಂದಿನ ವಾಹನದ ಗಾಜಿಗೆ ಬಡಿಯುತ್ತದೆ. ಗಾಳಿಯ ತೊಟ್ಟಿಯ ಅಡಿಯ ಕವಾಟವನ್ನು ತೆರೆದರೆ ಬುಸ್ಸೆಂದು ಗಾಳಿಯೊಡನೆ ನೀರೂ ಬರುವುದುಂಟು. ಪಶ್ಚಿಮಘಟ್ಟದ ತೇವದ ಗಾಳಿಯನ್ನು ಒತ್ತಿ ತುಂಬಿದರೆ ಅದರೊಳಗಿನ ಆವಿ ನೀರಾಗುವುದು ಸ್ವಾಭಾವಿಕ. ಆ ನೀರು ತೊಟ್ಟಿಯಲ್ಲಿ ನಿಂತರೆ ಗಾಳಿಗೆ ಜಾಗ ಕಡಿಮೆಯಾಗುತ್ತದೆ, ಕವಾಟಗಳಿಗೆ ತುಕ್ಕು ಹಿಡಿಯುತ್ತದೆ.

ಆದರೆ ಒಂದು ತೊಡಕುಂಟು. ಇಂದು ಲಾರಿಯನ್ನು ತಂದವನೇ ನಾಳೆ ಅದನ್ನು ಒಯ್ಯುವನೆಂಬ ನಿಶ್ಚಯವಿಲ್ಲ. ತಂದವನಿಗೆ ತಿಳಿದದ್ದು ಒಯ್ಯುವವನಿಗೆ ತಿಳಿಯುವುದು ಹೇಗೆ? ಇದಕ್ಕೆ ಅಮೇರಿಕದ ಕಾಯಿದೆಯು ಕಾಗದವನ್ನು ಸಾಧನವಾಗಿ ಮಾಡಿಕೊಂಡಿದೆ. ದಿನದ ಕೆಲಸ ಮುಗಿಸಿದ ಚಾಲಕನು ಬ್ರೇಕು, ಸ್ಟಿಯರಿಂಗು, ದೀಪ, ಟಯರು, ಹಾರ್ನು, ವೈಪರು, ಕನ್ನಡಿ, ಗಾಲಿ ಮುಂತಾದವುಗಳಲ್ಲಿ ಕಂಡ ದೋಷವನ್ನು ಬರೆದು ಸಹಿ ಹಾಕಬೇಕು. ದೋಷವನ್ನು ಸರಿಪಡಿಸಲಾಗಿದೆ, ಅಥವಾ ಸರಿಪಡಿಸುವ ಅಗತ್ಯವಿಲ್ಲ, ಎಂದು ಲಾರಿಯ ಕಡೆಯವರು ಅದೇ ಕಾಗದದ ಮೇಲೆ ದೃಢಪಡಿಸಬೇಕು. ಮರುದಿನ ಹೊರಡುವ ಚಾಲಕನು ಅದನ್ನು ಓದಿ ತಾನೂ ಸಹಿ ಮಾಡಿದ ಬಳಿಕವೇ ಲಾರಿ ಹೊರಡತಕ್ಕದ್ದು. ಹೀಗೆ ಒಂದು ಕಾಗದದ ಮೇಲೆ ಮೂವರ ಹೊಣೆ. ಮೊದಲು ದೋಷವೇನೂ ಇಲ್ಲದಿದ್ದರೂ ‘ಸರಿಯಾಗಿದೆ’ ಎಂದು ಪ್ರತಿದಿನವೂ ಬರೆಯಬೇಕಾಗಿತ್ತು. 2014ರ ಡಿಸೆಂಬರಿನಲ್ಲಿ ಸರಕು ಲಾರಿಗಳ ಮಟ್ಟಿಗೆ ಅದನ್ನು ಕೈಬಿಟ್ಟರು. ಇದು ಯೋಗ್ಯವೆಂದೇ ನಮಗೆ ತೋರುತ್ತದೆ. ದಿನವೂ ‘ಸರಿಯಾಗಿದೆ’ ಎಂದು ಬರೆಯುವ ಕೈ ಒಂದು ದಿನ ನೋಡದೆಯೂ ಹಾಗೆಯೇ ಬರೆಯುತ್ತದೆಂಬುದನ್ನು, ಮನೆಗೆಲಸದ ವಹಿಗೆ ಸಹಿ ಹಾಕಿಸಿಕೊಳ್ಳುವ ನಮ್ಮ ವಿದ್ಯಾರ್ಥಿಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ದೇಶದಲ್ಲಿ 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಲಾರಿಗಳಿಗೆ ಅರ್ಹತಾಪತ್ರ ಬೇಕು. ಲಾರಿ ಎಂಟು ವರ್ಷದ್ದಾಗುವ ತನಕ ಎರಡೆರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಅದನ್ನು ಪಡೆಯಬೇಕು. ಇದು ಅವಶ್ಯವಾದದ್ದೇ, ಆದರೆ ವರ್ಷದ 365 ದಿನಗಳಲ್ಲಿ ಒಂದು ದಿನದ ಆರೋಗ್ಯವನ್ನಷ್ಟೇ ಅದು ಹೇಳಬಲ್ಲದು. ಉಳಿದ 364 ದಿನಗಳು ಚಾಲಕನವು. ಆಯುಧಪೂಜೆಯ ದಿನ ಲಾರಿಯನ್ನು ತೊಳೆದು, ಬಾಳೆಕಂಬ ಕಟ್ಟಿ, ಗಾಲಿಯ ಅಡಿ ನಿಂಬೆಹಣ್ಣಿಟ್ಟು ಪೂಜಿಸುವಾಗ ಅದರ ಮೂಲೆಮೂಲೆಯನ್ನೂ ಮುಟ್ಟಿ ನೋಡುವವರು ನಮ್ಮಲ್ಲಿ ಸಾವಿರಾರು ಮಂದಿ ಇದ್ದಾರೆ. ಯಂತ್ರದ ಮೇಲೆ ಅವರಿಗೆ ಪ್ರೀತಿಯಿಲ್ಲವೆಂದು ಯಾರೂ ಹೇಳಲಾರರು.

ಕೊರತೆಯಿರುವುದು ಸಮಯದ್ದು. ಟ್ರಿಪ್ಪಿನ ಲೆಕ್ಕದಲ್ಲಿ ಕೂಲಿ ಪಡೆಯುವ ಚಾಲಕನಿಗೆ ಪರೀಕ್ಷೆಯ ಅರ್ಧ ಗಂಟೆಗೆ ಕೂಲಿಯಿಲ್ಲ. ಮಾರುಕಟ್ಟೆ ಬೆಳಗಿನ ಜಾವಕ್ಕೇ ತೆರೆಯುವುದರಿಂದ ತಡವಾಗಿ ಬಂದ ತರಕಾರಿಗೆ ಬೆಲೆ ಇಳಿಯುತ್ತದೆ. ಲೈನರು ಸವೆದಿದೆಯೆಂದು ಹೇಳಿದವನಿಗೆ ‘ಈ ಟ್ರಿಪ್ಪು ಮುಗಿಸಿಕೊಂಡು ಬಾ, ನೋಡೋಣ’ ಎಂಬ ಉತ್ತರವೇ ದೊರೆತರೆ, ಮುಂದಿನ ಸಲ ಅವನು ಹೇಳುವುದನ್ನೇ ಬಿಟ್ಟುಬಿಡುತ್ತಾನೆ. ಕಾಗದದ ಮೇಲೆ ಮಾಲೀಕರ ಕಡೆಯ ಸಹಿಯನ್ನೂ ಬೇಡುವ ಪದ್ಧತಿಯ ಗುಣವು ಇದೇ. ಹೇಳಿದವನ ಮಾತು ಗಾಳಿಯಲ್ಲಿ ಹೋಗದೆ ಉಳಿಯುತ್ತದೆ.

ಇನ್ನೊಂದು ಬದಲಾವಣೆಯನ್ನೂ ಇಲ್ಲಿ ಹೇಳಬೇಕು. ಮೊದಲು ಲಾರಿಗೊಬ್ಬ ಕ್ಲೀನರ್ ಇರುತ್ತಿದ್ದನು. ಟಯರು ಬಡಿಯುವುದು, ಗಾಜು ಒರಸುವುದು, ಹಿಂದೆ ಹೋಗುವಾಗ ಕೂಗಿ ದಾರಿ ತೋರಿಸುವುದು ಅವನ ಕೆಲಸ. ಹೀಗೆ ಕೆಲವು ವರ್ಷ ಕಳೆದು ಅವನೇ ಚಾಲಕನಾಗುತ್ತಿದ್ದನು. ಪರೀಕ್ಷೆಯ ವಿದ್ಯೆಯು ಪುಸ್ತಕವಿಲ್ಲದೆ ಒಬ್ಬರಿಂದೊಬ್ಬರಿಗೆ ಸಾಗಿ ಬಂದದ್ದು ಅವನ ಮೂಲಕ. ಈಗ ಅನೇಕ ಲಾರಿಗಳಲ್ಲಿ ಚಾಲಕನೊಬ್ಬನೇ. ಅವನು ಒಳಗೆ ಕುಳಿತು ಬ್ರೇಕನ್ನು ತುಳಿದರೆ, ಹಿಂದಿನ ಕೆಂಪು ದೀಪ ಹತ್ತಿತೋ ಇಲ್ಲವೋ ಎಂದು ಹೇಳುವವರು ಬೇರೆ ಯಾರೂ ಇಲ್ಲ. ಇದಕ್ಕೆ ಚಾಲಕರು ಒಂದು ಉಪಾಯವನ್ನು ಮಾಡುತ್ತಾರೆ. ನಸುಕಿನಲ್ಲಿ ಲಾರಿಯನ್ನು ಯಾವುದಾದರೊಂದು ಗೋಡೆಯ ಹತ್ತಿರಕ್ಕೆ ಹಿಂದಕ್ಕೆ ತಂದು ನಿಲ್ಲಿಸಿ, ಪೆಡಲನ್ನು ತುಳಿದು, ಪಕ್ಕದ ಕನ್ನಡಿಯಲ್ಲಿ ಆ ಗೋಡೆಯನ್ನು ನೋಡುತ್ತಾರೆ. ಎರಡೂ ಕಡೆ ಗೋಡೆ ಕೆಂಪಾದರೆ ಎರಡು ದೀಪವೂ ಸರಿಯಾಗಿವೆ. ಒಂದೇ ಕಡೆ ಕೆಂಪಾದರೆ ಕೆಳಗಿಳಿದು ಹೊಸ ಬಲ್ಬನ್ನು ಹಾಕುತ್ತಾರೆ.